ಕರಟದ ಕಪ್ಪು

ಕಿವಿಯ ಹಿಂದೆ ಏನೂ ಇರಲಿಲ್ಲ. ಆದರೂ ಬೆಳಗಿನಿಂದ ರೇವಮ್ಮನ ಉಂಗುರದ ಬೆರಳು ಅಲ್ಲಿಗೇ ಹೋಗಿ ಬರುತ್ತಿತ್ತು, ಹುಲ್ಲು ಮುಗಿದ ಗೋದಲಿಗೆ ಮತ್ತೆ ಮತ್ತೆ ಮೂತಿ ಹಾಕುವ ಎಮ್ಮೆಯ ಹಾಗೆ. ಬೆರಳು ಹೋಗುತ್ತಿದೆ ಎಂದು ಅವಳಿಗೆ ಗೊತ್ತಾಗುತ್ತಿದ್ದದ್ದು ಅದು ವಾಪಸು ಮಡಿಲಿಗೆ ಬಂದು ಬಿದ್ದ ಮೇಲೆಯೇ. ಆಗ ಅದನ್ನು ಎತ್ತಿ ಮೂಗಿನ ಹತ್ತಿರ ಹಿಡಿದು ಮೂಸುವಳು. ಸೋಪಿನ ವಾಸನೆ. ಸೋಪಿನ ಅಡಿಯಲ್ಲಿ ಇನ್ನೊಂದು ವಾಸನೆ ಇದೆಯೋ ಇಲ್ಲವೋ ಎಂದು ಕಣ್ಣು ಮುಚ್ಚಿ ಹುಡುಕುವಳು. ತಿಪಟೂರಿನ ಆ ಆಸ್ಪತ್ರೆಯ ಮೇಲಿನ ಅಂತಸ್ತಿನಲ್ಲಿ, ದಿನ ತುಂಬದೆ ಹುಟ್ಟಿದ ಕೂಸುಗಳನ್ನು ಇಡುವ ಕೋಣೆಯ ಗಾಜಿನ ಬಾಗಿಲಿಗೆ ಎದುರಾಗಿ ಒಂದು ಸ್ಟೀಲು ಬೆಂಚು. ಅದು ಎಷ್ಟು ತಣ್ಣಗಿತ್ತೆಂದರೆ, ತನ್ನೂರು ಕೆಂಕೆರೆಯಲ್ಲಾಗಿದ್ದರೆ ಅವಳು, ಕೂತ ಕುಂಡಿ ಅಲ್ಲೇ ಅಂಟಿಕೊಂಡಿತು, ಎದ್ದು ಬರುವಾಗ ಅರ್ಧ ಅಲ್ಲೇ ಬಿಟ್ಟು ಬಂದೆ ಎಂದು ಹೇಳಿ ಕೇರಿಯ ಹೆಂಗಸರನ್ನೆಲ್ಲ ನಗಿಸುತ್ತಿದ್ದಳು. ಇಲ್ಲಿ ನಗುವವರು ಯಾರೂ ಇರಲಿಲ್ಲ. ಮೊಮ್ಮಗಳ ಗಂಡ ಬೀರೇಶ ಕಿಟಕಿಯ ಹತ್ತಿರ ನಿಂತು ಕೊಬ್ಬರಿ ಮಾರುಕಟ್ಟೆಯ ಕಡೆಗೆ ಹೋಗುವ ಲಾರಿಗಳನ್ನು ನೋಡುತ್ತಿದ್ದ. ನೋಡುತ್ತಿದ್ದ ಅನ್ನುವುದಕ್ಕಿಂತ, ಇತ್ತ ನೋಡಬಾರದೆಂದು ಅತ್ತ ತಿರುಗಿದ್ದ. ಲಾರಿ ಹೋದಾಗಲೆಲ್ಲ ಕಿಟಕಿಯಿಂದ ಕೌಟು ಕೊಬ್ಬರಿಯ ವಾಸನೆ ಒಳಗೆ ಬರುತ್ತಿತ್ತು. ಹುಟ್ಟಿದಾಗಿನಿಂದ ಆ ವಾಸನೆಯಲ್ಲೇ ಬೆಳೆದ ರೇವಮ್ಮ ಇವತ್ತು ಸೆರಗನ್ನು ಮೂಗಿಗೆ ಒತ್ತಿಕೊಂಡಳು.

ಗಾಜಿನ ಆಚೆ ಅವಳ ಮೊಮ್ಮಗಳು ಪದ್ಮಶ್ರೀಯ ಗಂಡುಕೂಸು ಒಂದು ಗಾಜಿನ ಪೆಟ್ಟಿಗೆಯಲ್ಲಿ ಮಲಗಿತ್ತು. ಏಳನೆಯ ತಿಂಗಳಲ್ಲೇ ಪದ್ಮಶ್ರೀಗೆ ಬೀಪಿ ಏರಿ ಫಿಟ್ಸ್ ಬಂದು, ಹೊಟ್ಟೆ ಕುಯ್ದು ತೆಗೆದ ಕೂಸು. ತಾಯಿ ಕೆಳಗಿನ ಅಂತಸ್ತಿನಲ್ಲಿ, ಕೂಸು ಮೇಲಿನ ಅಂತಸ್ತಿನಲ್ಲಿ. ತಾಯಿ ಇನ್ನೂ ಕೂಸಿನ ಮುಖ ಕಂಡಿರಲಿಲ್ಲ. ನಡುವಿನ ಮೆಟ್ಟಿಲು ಹತ್ತಿ ಇಳಿದು ಸುದ್ದಿ ಸಾಗಿಸುವ ಕೆಲಸ ರೇವಮ್ಮನದು. ಬೆಳಗ್ಗೆ ಡಾಕ್ಟರ್ ಅನಿತಾ ಹೊರಗೆ ಬಂದು, ಬಾಯಿಗೆ ಕಟ್ಟಿದ ಬಟ್ಟೆಯನ್ನು ಗದ್ದಕ್ಕೆ ಇಳಿಸಿ, ಮೊದಲು ಬೀರೇಶನ ಕಡೆಗೂ ಆಮೇಲೆ ಇವಳ ಕಡೆಗೂ ನೋಡಿ, ಕರುಳಿನ ಕಾಯಿಲೆ ಹೇಗಿತ್ತೋ ಹಾಗೇ ಇದೆ, ಅದರ ಮೇಲೆ ಈಗ ರಕ್ತಕ್ಕೂ ನಂಜು ಸೇರಿದೆ, ಔಷಧಿ ಬದಲಾಯಿಸಿದ್ದೇವೆ, ಮುಂದಿನದು ಕೂಸಿನ ಶಕ್ತಿ ಎಂದು ಹೇಳಿದ್ದರು. ಹೇಳಿ ಒಳಗೆ ಹೋಗುವವರು ನಿಂತು ಕೇಳಿದ್ದರು, ಯಾರಾದರೂ ಮಗುವಿಗೆ ಏನಾದರೂ ಕುಡಿಸಿದ್ದೀರಾ, ಹಚ್ಚಿದ್ದೀರಾ, ಬೈಯುವುದಕ್ಕಲ್ಲ, ನಮಗೆ ಗೊತ್ತಿರಬೇಕು ಅಂತ. ಇಲ್ಲ ಮೇಡಂ, ಎಂದ ಬೀರೇಶ. ಅವನಿಗೆ ಗೊತ್ತಿದ್ದದ್ದು ಅಷ್ಟೇ. ರೇವಮ್ಮನ ಬಾಯಿ ಅವಳನ್ನು ಕೇಳದೆಯೇ ತೆರೆದುಕೊಂಡಿತು. “ಅದ್ರ ತಾವಕ್ಕೆ ಸೊಳ್ಳೆ ಹೋಗ್ಬೇಕಾದ್ರೂ ನಿಮ್ ನರ್ಸು ಮಂಗಳಮ್ಮ ಸೋಪ್ ಹಾಕಿ ಕೈ ತೊಳ್ಸಿ ಬುಡ್ತಾಳೆ ಕಣವ್ವ. ನಾವ್ ಯಾವ ಗಿಡದ ತಪ್ಪಲು.” ಡಾಕ್ಟರಿಗೆ ನಗು ಬಂತು. ದಣಿದ ಮುಖದಲ್ಲಿ ಬಂದ ಆ ನಗುವಿನ ಹಿಂದೆ ಬಾಗಿಲು ಮುಚ್ಚಿಕೊಂಡಿತು. ಜನರನ್ನು ನಗಿಸಿ ಪಾರಾಗುವುದು ಅವಳಿಗೆ ಹೊಸದಲ್ಲ. ಆದರೆ ಪಾರಾದ ಮೇಲೆ ಎದೆಯಲ್ಲಿ ಹೀಗೆ, ಬಾವಿಗೆ ಕೊಡ ಬಿದ್ದಂತೆ ಆಗಿದ್ದು ಇದೇ ಮೊದಲು.

ಹಚ್ಚಿದ್ದಳು. ಹೋದ ವಾರ ಕೂಸು ಇನ್ನೂ ಚೆನ್ನಾಗಿತ್ತು. ಮೂಗಿನ ನಳಿಕೆಯಲ್ಲಿ ತಾಯಿಯ ಹಾಲು ಹನಿ ಹನಿ ಇಳಿಯುತ್ತಿತ್ತು. ತೂಕ ಏರಲಿ, ಮೈ ಬೆಚ್ಚಗಾಗಲಿ, ಯಾರದಾದರೂ ಬರಿ ಎದೆಗೆ ಕೂಸನ್ನು ಕಟ್ಟಬೇಕು, ತಾಯಿಗೆ ಆಗುವುದಿಲ್ಲ, ಅಜ್ಜಿ ನೀವು ಬನ್ನಿ ಎಂದು ನರ್ಸು ಮಂಗಳಾ ಕರೆದಿದ್ದಳು. ಕಾಂಗರೂ ಅಂತೆ. ಮರಿಯನ್ನು ಹೊಟ್ಟೆಯ ಜೇಬಿನಲ್ಲಿ ಇಟ್ಟುಕೊಳ್ಳುವ ಪ್ರಾಣಿಯಂತೆ. ನಮ್ಮ ಕುರಿಗೂ ದೇವರು ಒಂದು ಜೇಬು ಹೊಲಿದಿದ್ದರೆ ನಮ್ಮ ಗಂಡಸರು ಮರಿ ಹೊತ್ತು ಹೆಗಲು ಬೀಳಿಸಿಕೊಳ್ಳುವುದು ತಪ್ಪುತ್ತಿತ್ತು ಎಂದು ರೇವಮ್ಮ ನಗಾಡಿಕೊಂಡೇ ಒಳಗೆ ಹೋಗಿದ್ದಳು. ಒಳಗೆ ಹೋದ ಮೇಲೆ ನಗು ನಿಂತಿತು. ಪರದೆಯ ಹಿಂದೆ ಮಂಗಳಾ ಕುಪ್ಪಸ ಬಿಚ್ಚಿ ಎಂದಳು. ಗಂಡ ಲಿಂಗಣ್ಣನೂ ಹಗಲು ಬೆಳಕಿನಲ್ಲಿ ಕಾಣದ ಎದೆ ಅದು. ಸುಕ್ಕಾಗಿ ಜೋತುಬಿದ್ದ ಎದೆಯ ಮೇಲೆ, ಮದುವೆಗೆ ಮುಂಚೆ ಹಚ್ಚೆಯವಳು ಚುಚ್ಚಿದ ಹೂವು ಈಗ ಹಸಿರು ಮಚ್ಚೆಯಾಗಿ ಎಳೆದುಕೊಂಡಿತ್ತು. ಮೊಮ್ಮಗಳ ವಯಸ್ಸಿನ ಹುಡುಗಿ ಅದನ್ನು ಹತ್ತಿಯಿಂದ, ಒಲೆಯ ಮೇಲಿನ ಮಸಿ ಪಾತ್ರೆ ಉಜ್ಜುವ ಹಾಗೆ ಉಜ್ಜಿ, ಅಜ್ಜಿ ಎಷ್ಟು ಎಣ್ಣೆ ಇದು, ಸ್ನಾನ ಮಾಡಿ ಬನ್ನಿ ಅಂದಿರಲಿಲ್ವಾ ಎಂದು ಗದರಿದಳು. ಉಗುರು ಕತ್ತರಿಸಿದಳು. ಎಲೆಅಡಿಕೆ ಚೀಲ ಕಿತ್ತಿಟ್ಟುಕೊಂಡಳು. ಬಳೆ ಇದ್ದರೆ ತೆಗೆಯಿರಿ ಎಂದಾಗ, “ನನ್ ಬಳೆನೆಲ್ಲ ನನ್ ಗಂಡ ಹೊತ್ಕಂಡು ಹೋದ ಕಣವ್ವ, ಮ್ಯಾಲೆ ಅದ್ಯಾರಿಗೆ ತೊಡಿಸವ್ನೋ” ಎಂದು ರೇವಮ್ಮ ಹೇಳಿದ್ದಕ್ಕೆ ಪಕ್ಕದ ನರ್ಸು ಕಿಸಕ್ಕೆಂದಳು. ಮಂಗಳಾ ನಗಲಿಲ್ಲ. ತಲೆಗೆ ಹಸಿರು ಟೋಪಿ ಹಾಕಿಸಿ ಕಿವಿ ಮುಚ್ಚುವವರೆಗೆ ಎಳೆದಳು. ಆ ಕಿವಿಯ ಹಿಂದೆಯೇ ಇತ್ತು ಕರಟದ ಕಪ್ಪು.

ಕೆಂಕೆರೆಯಲ್ಲಿ ಹುಟ್ಟಿದ ಕೂಸಿಗೆ ಅದೇ ಮೊದಲ ಒಡವೆ. ಹಳೇ ಮರದ ಕಾಯಿಯ ಕರಟ ಸುಟ್ಟು, ಅರೆದು, ಬಟ್ಟೆಯಲ್ಲಿ ಸೋಸಿ, ಕಾಯಿಹಾಲು ಕಾಯಿಸಿ ತೆಗೆದ ಎಣ್ಣೆಯಲ್ಲಿ ಕಲಸಿ ಇಡುವುದು. ಹೊಕ್ಕುಳು ಒಣಗುವ ತನಕ ದಿನಾ ಉಂಗುರದ ಬೆರಳಿನಿಂದ ಹಚ್ಚುವುದು. ಹೊಕ್ಕುಳೆಂದರೆ ಬಾಗಿಲು, ತಾಯಿ ಒಳಗಿನಿಂದ ಅಗುಳಿ ಹಾಕುವ ತನಕ ಹೊರಗಿನಿಂದ ಯಾರಾದರೂ ಕಾವಲು ಕೂರಬೇಕು ಎಂದು ರೇವಮ್ಮನ ಅತ್ತೆ ಹೇಳಿಕೊಟ್ಟಿದ್ದಳು. ಗಾಜಿನ ಪೆಟ್ಟಿಗೆಯ ಕೂಸಿನ ಹೊಕ್ಕುಳನ್ನು ಮೊದಲ ದಿನ ಕಂಡಾಗಲೇ ರೇವಮ್ಮನ ಜೀವ ಹಾರಿಹೋಗಿತ್ತು. ಆ ಬಾಗಿಲಿಗೆ ಇವರು ಪೈಪು ತೂರಿಸಿದ್ದರು. ಕಡ್ಡಿಗಿಂತ ಸಣ್ಣ ಪೈಪು, ಮೇಲೊಂದು ಪ್ಲಾಸ್ಟರು, ಅದರ ಮೂಲಕ ಸಕ್ಕರೆನೀರು, ಔಷಧಿ ಎಲ್ಲ ನೇರ ರಕ್ತಕ್ಕೆ. ಬಾಗಿಲು ತೆರೆದಿಟ್ಟು ಮನೆ ಬಿಟ್ಟು ಹೋದಂತೆ. ಎಲ್ಲ ತಿಳಿದ ಈ ಜನಕ್ಕೆ ಅಷ್ಟು ತಿಳಿಯಲಿಲ್ಲವಲ್ಲ ಎಂದು ಅವಳು ರಾತ್ರಿಯೆಲ್ಲ ಮರುಗಿ, ಊರಿಂದ ಹಾಲು ತರುವವನ ಕೈಯಲ್ಲಿ ಆ ಕಪ್ಪು ತುಂಬಿದ ಹಳೇ ಬಾಮಿನ ಡಬ್ಬಿಯೊಂದನ್ನು ತರಿಸಿದ್ದಳು. ಒಳಗೆ ಹೋಗುವ ಮುಂಚೆ, ದೇವರ ಹೂವು ಮುಡಿಯುವ ಹಾಗೆ ಸಹಜವಾಗಿ, ಕಿವಿಯ ಹಿಂದಕ್ಕೆ ಒಂದು ಚೂರು ಸವರಿಕೊಂಡಿದ್ದಳು. ಮಂಗಳಾ ಕೈ ತೊಳೆಸಿದಳು, ಮೊಣಕೈ ತನಕ ತೊಳೆಸಿದಳು, ಮೈಸೂರು ಅರಮನೆಯನ್ನೇ ತೊಳೆಯುವಷ್ಟು ನೀರು ಸುರಿದಳು. ಕಿವಿಯ ಹಿಂದಕ್ಕೆ ಯಾರೂ ನೋಡಲಿಲ್ಲ.

ಆಮೇಲೆ ಕೂಸನ್ನು ತಂದು ಎದೆಯ ಮೇಲೆ ಕವುಚಿ ಮಲಗಿಸಿದರು. ಕೂಸೆಂದರೆ ಏನು, ಗರಿ ಬಲಿಯದ ಹಕ್ಕಿಮರಿ. ಅದರ ಎದೆಬಡಿತ ಅವಳ ಚರ್ಮದ ಮೇಲೆ ಇರುವೆ ಓಡಿದಂತೆ ಓಡುತ್ತಿತ್ತು. ಲಿಂಗಣ್ಣ ಸತ್ತ ಮೇಲೆ ಅವಳ ಮೈಗೆ ಇನ್ನೊಂದು ಮೈಯ ಬಿಸಿ ತಾಗಿರಲಿಲ್ಲ. ಕಣ್ಣಲ್ಲಿ ನೀರು ತುಂಬಿತು. ನೀರು ತುಂಬಿದ ಕಣ್ಣಿನಲ್ಲೇ ಅವಳು ಮಂಗಳಾ ಪಕ್ಕದ ಪೆಟ್ಟಿಗೆಯ ಕಡೆ ತಿರುಗುವುದನ್ನು ಕಾದಳು. ಬೆರಳು ಟೋಪಿಯ ಅಂಚಿನ ಕೆಳಗೆ ಹೋಯಿತು, ಬಂತು, ಕೂಸಿನ ಪಕ್ಕೆಯ ಅಡಿಯಲ್ಲಿ ತೂರಿ, ಎದ್ದಿದ್ದ ಪ್ಲಾಸ್ಟರಿನ ಅಂಚು ಹುಡುಕಿ, ಪೈಪು ಮೈಯೊಳಗೆ ಇಳಿಯುವ ಜಾಗಕ್ಕೆ ಸವರಿತು. ಅಷ್ಟೇ. ಕೂಸು ಮಿಸುಕಲಿಲ್ಲ. ಮಂಗಳಾ ತಿರುಗಿದಾಗ ಅಜ್ಜಿ ಕಣ್ಣು ಮುಚ್ಚಿ ಜೋಗುಳ ಗುನುಗುತ್ತಿದ್ದಳು. ಆ ಹೊತ್ತಿಗೆ ಅವಳಿಗಾದ ಸಂತೋಷವನ್ನು ಈಗ ಬೆಂಚಿನ ಮೇಲೆ ಕೂತು ನೆನೆದರೆ ಮೈ ಜುಂ ಎನ್ನುತ್ತದೆ. ಬರೀ ಕೂಸಿಗೆ ಕಾವಲು ಹಾಕಿದ ಸಂತೋಷವಲ್ಲ ಅದು. ಎದೆ ಉಜ್ಜಿ ಗದರಿದ ಹುಡುಗಿಯನ್ನು ಗೆದ್ದ ಸಂತೋಷ.

ಮೊನ್ನೆ ಕೂಸಿನ ಹೊಟ್ಟೆ ಊದಿತು. ಮೂಗಿನ ನಳಿಕೆಯಲ್ಲಿ ಹಾಲಿನ ಬದಲು ಹಸಿರು ನೀರು ವಾಪಸು ಬಂತು. ಹಾಲು ನಿಲ್ಲಿಸಿದರು. ಡಾಕ್ಟರು ಎರಡು ಬೆರಳಿನಿಂದ ಹೊಟ್ಟೆಯ ಮೇಲೆ ತಟ್ಟಿದ್ದನ್ನು ರೇವಮ್ಮ ಗಾಜಿನ ಈಚೆಯಿಂದ ನೋಡಿದಳು. ಸದ್ದು ಕೇಳಲಿಲ್ಲ. ಕೇಳದಿದ್ದರೂ ಕೇಳಿತು. ಅಟ್ಟದ ಮೇಲೆ ವರ್ಷವಿಡೀ ಒಣಗಿದ ಕಾಯಿಗಳನ್ನು ಒಂದೊಂದಾಗಿ ಕಿವಿಯ ಹತ್ತಿರ ಅಲುಗಿಸಿ, ಇದು ಗಟ್ಟಿ, ಇದು ಕೊಳೆತದ್ದು ಎಂದು ಬೇರೆ ಮಾಡುವ ಕೆಲಸ ಮನೆಯಲ್ಲಿ ಇವಳದೇ. ಕೊಳೆಯುವ ಕಾಯಿ ಹೊರಗಿನಿಂದ ನುಣ್ಣಗೆ, ಚೆಂದಕ್ಕೇ ಇರುತ್ತದೆ. ಒಳಗೆ ಗಾಳಿ ತುಂಬಿಕೊಂಡಿರುತ್ತದೆ. ಊದಿದ ಆ ಹೊಟ್ಟೆ ಹಾಗೇ ನುಣ್ಣಗೆ ಹೊಳೆಯುತ್ತಿತ್ತು.

ಮೆಟ್ಟಿಲಿಳಿದು ಪದ್ಮಶ್ರೀಗೆ ಅವಳು ಹೇಳಿದ್ದು ಬೇರೆ. ಹೇಳುವುದೇನು, ದಿನಾ ಕಟ್ಟುತ್ತಿದ್ದಳು, ಗೋಡೆ ಕಟ್ಟುವ ಹಾಗೆ. ನಿನ್ನ ಮಗನ ಮುಷ್ಟಿ ಎಳನೀರಿನ ಗಾತ್ರ ಐತೆ. ಅತ್ತರೆ ಆಸ್ಪತ್ರೆಯ ಹೆಂಚು ಹಾರುತ್ತವೆ ಅಂತ ಇಂಜಿನಿಯರನ್ನು ಕರೆಸಿದ್ದಾರೆ. ಮಂಗಳಮ್ಮನ ಜಡೆ ಹಿಡಿದು ಎಳೆದ, ಅವಳು ಇವನನ್ನೇ ಮದುವೆಯಾಗುತ್ತೀನಿ ಅಂತ ಕೂತವಳೆ. ಹೊಟ್ಟೆಯ ಹೊಲಿಗೆ ಹಿಡಿದುಕೊಂಡು ಪದ್ಮಶ್ರೀ ನಗುತ್ತಿದ್ದಳು. ಸಾಕು ನಿಲ್ಸು ಅಜ್ಜಿ, ಹೊಲಿಗೆ ಬಿಚ್ಚೋಗ್ತವೆ ಎನ್ನುತ್ತಿದ್ದಳು. ಸುಳ್ಳೆಂದು ಅವಳಿಗೂ ಗೊತ್ತು. ಚಿಕ್ಕಂದಿನಲ್ಲೇ ಅವ್ವ ಸತ್ತು ಇದೇ ಅಜ್ಜಿಯ ಮಡಿಲಲ್ಲಿ ಬೆಳೆದವಳು, ಅಜ್ಜಿಯ ಮಾತಿನಲ್ಲಿ ಎಷ್ಟು ಕಳೆದರೆ ನಿಜ ಉಳಿಯುತ್ತದೆ ಎಂಬ ಲೆಕ್ಕ ಬಲ್ಲವಳು. ಹೊಟ್ಟೆ ಊದಿದ ದಿನವೂ ರೇವಮ್ಮ, ನಿನ್ನ ಮಗ ಉಂಡು ಉಂಡು ಹೊಟ್ಟೆ ಗುಡಾಣ ಮಾಡ್ಕಂಡವ್ನೆ ಎಂದಿದ್ದಳು. ಹೇಳಿದ ಮೇಲೆ ನಾಲಿಗೆಯ ಮೇಲೆ ಬೂದಿ ಬಿದ್ದಂತಾಯಿತು. ಆ ಒಂದು ಮಾತಿನಲ್ಲಿ ಮಾತ್ರ ಕಳೆಯುವುದಕ್ಕೆ ಏನೂ ಇರಲಿಲ್ಲ.

ಬೀರೇಶ ಕಿಟಕಿ ಬಿಟ್ಟು ಬಂದು ಬೆಂಚಿನ ಇನ್ನೊಂದು ತುದಿಯಲ್ಲಿ ಕೂತ. ಏನಾದರೂ ತಿಂದಿರಾ ಎಂದು ಕೇಳಿದ. ಅವನಿಗೆ ಉತ್ತರ ಬೇಕಿರಲಿಲ್ಲ. ಅವನ ಕೈಗಳನ್ನು ರೇವಮ್ಮ ನೋಡಿದಳು. ಉಗುರಿನ ಸಂದಿನಲ್ಲಿ ತೋಟದ ಕೆಂಪು ಮಣ್ಣು. ಹೋದ ಮಳೆಗಾಲ ಮರಗಳಿಗೆ ಕಾಂಡದಿಂದ ರಸ ಸೋರುವ ರೋಗ ಬಂದಾಗ ಇವನೇ ಬೇರಿಗೆ ಔಷಧಿ ಕಟ್ಟಿದ್ದು. ಬುಡದಲ್ಲಿ ಅಗೆದು, ಪೆನ್ಸಿಲ್ಲು ದಪ್ಪದ ಎಳೇ ಬೇರು ಹುಡುಕಿ, ತುದಿಯನ್ನು ಓರೆಯಾಗಿ ಕುಯ್ದು, ಔಷಧಿ ತುಂಬಿದ ಪ್ಲಾಸ್ಟಿಕ್ ಪಾಕೀಟಿನೊಳಗೆ ಇಳಿಸಿ ದಾರ ಸುತ್ತುವುದು. ಮರ ತಾನೇ ಕುಡಿಯುತ್ತದೆ. ರೇವಮ್ಮ ಬದುವಿನ ಮೇಲೆ ಕೂತು, ಮರಕ್ಕೆ ಗ್ಲೂಕೋಸು ಹಾಕ್ತಾವ್ನೆ ನಮ್ ಡಾಕ್ಟ್ರು, ಸೂಜಿ ಮೆಲ್ಲಗೆ ಚುಚ್ಚಪ್ಪ, ಅತ್ತೀತು ಎಂದು ಛೇಡಿಸಿದ್ದಳು. ಅವನೊಂದು ಬೇರು ಕುಯ್ದು ಮಣ್ಣಿನ ಮೇಲೆ ಬಿಟ್ಟು ಪಾಕೀಟಿಗೆ ಕೈ ಚಾಚಿದಾಗ, ಅವಳೇ ಗದರಿದ್ದಳು. ಗಾಯ ಆದ ಬೇರಿಗೆ ಮಣ್ಣು ತಾಗಿಸಬೇಡ ಕಣೋ, ತೊಳಿ ಅದನ್ನ, ಇಲ್ಲದಿದ್ರೆ ರೋಗನೇ ಕುಡಿಸಿದಂಗೆ. ಅವಳೇ. ಈ ಬಾಯಿಯೇ. ಬದುವಿನ ಮೇಲೆ ಕೂತವಳಿಗೆ ಗೊತ್ತಿದ್ದದ್ದು ಪರದೆಯ ಹಿಂದೆ ಕೂತವಳಿಗೆ ಯಾಕೆ ಗೊತ್ತಾಗಲಿಲ್ಲ. ಮರ ಬೇರೆ, ಕೂಸು ಬೇರೆ ಎಂದೇ. ಕರಟದ ಕಪ್ಪು ಮಣ್ಣಲ್ಲ ಎಂದೇ. ಬೆರಳು ಮತ್ತೆ ಕಿವಿಯ ಹಿಂದಕ್ಕೆ ಹೊರಟಿತು. ಅವಳು ಅದನ್ನು ಇನ್ನೊಂದು ಕೈಯಲ್ಲಿ ಹಿಡಿದುಕೊಂಡಳು.

ಎದ್ದು ಹೋಗಿ ಕೊಳಾಯಿಯಲ್ಲಿ ಕೈ ತೊಳೆದಳು. ಗೋಡೆಗೆ ಅಂಟಿಸಿದ ಚಿತ್ರದಲ್ಲಿ ಎರಡು ಕೈಗಳು ಒಂದನ್ನೊಂದು ತಿಕ್ಕಿಕೊಳ್ಳುತ್ತಿದ್ದವು. ಅವುಗಳ ಹಾಗೇ ತಿಕ್ಕಿದಳು. ನೀರು ಬಿಳಿಯಾಗಿ ಹೋಗುತ್ತಿದ್ದರೂ ಅವಳ ಕಣ್ಣಿಗೆ ಕಪ್ಪಾಗಿಯೇ ಕಂಡಿತು. ಈ ಬೆರಳು ಎಷ್ಟು ಹೊಕ್ಕುಳು ಮುಟ್ಟಿದೆ. ಕೆಂಕೆರೆಯ ಅರ್ಧ ಊರಿನ ಹೊಕ್ಕುಳು ನನ್ನ ಬೆರಳಲ್ಲೈತೆ, ಕಚಗುಳಿ ಇಟ್ಟರೆ ಊರೇ ನಗುತ್ತೆ ಎಂದು ಜಂಬ ಕೊಚ್ಚುತ್ತಿದ್ದವಳು. ಎಲ್ಲ ಬದುಕಿದರು, ಕೋಣನಂತೆ ಬೆಳೆದರು, ಅವರಿಗೂ ಮಕ್ಕಳಾದವು. ಎಲ್ಲ? ನೀರು ಹರಿಯುತ್ತಲೇ ಇತ್ತು. ಬದುಕದವರು ಇರಲಿಲ್ಲವೆ. ಅವರನ್ನು ಯಾರೂ ಲೆಕ್ಕಕ್ಕೆ ಹಿಡಿದಿರಲಿಲ್ಲ. ಬಡಗಿಯ ಮನೆಯದೊಂದು. ತನ್ನದೇ ಒಂದು, ಪದ್ಮಶ್ರೀಯ ಅವ್ವನ ಬೆನ್ನಿಗೆ ಹುಟ್ಟಿದ್ದು, ಚೆನ್ನಾಗಿ ಮೊಲೆಗೆ ಬರುತ್ತಿದ್ದದ್ದು ಒಂದು ಬೆಳಗ್ಗೆ ಬಾಯಿ ಬಿಡದಾಯಿತು. ದವಡೆ ಕಚ್ಚಿ, ಮೈ ಬಿಲ್ಲಿನಂತೆ ಬಾಗಿ, ಸದ್ದು ಕೇಳಿದರೆ ಸೆಟೆದು. ಬಾಲಗ್ರಹ ಎಂದರು. ದೃಷ್ಟಿ ಎಂದರು. ಲಿಂಗಣ್ಣ ಅದನ್ನು ಟವೆಲ್ಲಿನಲ್ಲಿ ಸುತ್ತಿಕೊಂಡು ತೋಟದ ಮೂಲೆಗೆ ಹೋದ. ಹಿಂದಿನ ದಿನ ಹೊಕ್ಕುಳಿಗೆ ಕಪ್ಪು ಸಾಲದಾಯಿತೇನೋ, ಇನ್ನೊಂದು ಸ್ವಲ್ಪ ಹಚ್ಚಿದ್ದರೆ ಉಳಿಯುತ್ತಿತ್ತೇನೋ ಎಂದು ಅವಳು ಎಷ್ಟೋ ವರ್ಷ ಮರುಗಿದ್ದುಂಟು. ಇಷ್ಟು ವರ್ಷ ಒಂದೇ ಕಡೆಗೆ ತಿರುಗಿಸಿಟ್ಟಿದ್ದ ಆ ಮಾತು ಈಗ ಕೊಳಾಯಿಯ ಮುಂದೆ ತಾನಾಗಿಯೇ ಮಗ್ಗುಲು ಬದಲಿಸಿತು, ಹಚ್ಚಿದ್ದಕ್ಕೇ ಹೋಯಿತೇನೋ ಎಂದು. ಅವಳು ಮತ್ತೆ ಸೋಪು ತೆಗೆದುಕೊಂಡಳು. ಹಿಂದೆ ಕಾಯುತ್ತಿದ್ದ ಹೆಂಗಸೊಬ್ಬಳು, ಅಜ್ಜಿ ಆಯ್ತಾ, ನೀರು ಸುಮ್ನೆ ಹೋಗ್ತಾ ಐತೆ ಎಂದಳು.

ವಾಪಸು ಬರುವಾಗ ಬೀರೇಶ ಎದ್ದು ನಿಂತಿದ್ದ. ಮುಖದಲ್ಲಿ ಬೆಳಗಿನಿಂದ ಇರದಿದ್ದ ಒಂದು ಕಳೆ. ಪದ್ಮಶ್ರೀಯನ್ನು ಗಾಲಿ ಕುರ್ಚಿಯಲ್ಲಿ ಕೂರಿಸಿಕೊಂಡು ಬನ್ನಿ, ಮಗುವನ್ನು ನೋಡಲಿ ಎಂದು ಡಾಕ್ಟರು ಹೇಳಿ ಕಳಿಸಿದ್ದಾರಂತೆ. ಅವನು ಅದನ್ನು ಒಳ್ಳೆಯ ಸುದ್ದಿ ಎಂದುಕೊಂಡಿದ್ದ. ರೇವಮ್ಮನಿಗೆ ತಿಳಿಯಿತು. ತಾಯಿಗೆ ನಡೆಯಲು ಬರುವ ತನಕ ಕಾಯಲು ಈಗ ಹೊತ್ತಿಲ್ಲ ಎಂದು ಅದರ ಅರ್ಥ. ಅವನು ದಡದಡನೆ ಮೆಟ್ಟಿಲಿಳಿದ. ಹವಾಯಿ ಚಪ್ಪಲಿಯ ಸದ್ದು ದೂರವಾಗುತ್ತಾ ಹೋಯಿತು. ಇನ್ನು ಆ ಸದ್ದು, ಗಾಲಿಗಳ ಸದ್ದಿನೊಂದಿಗೆ, ಮೇಲೆ ಬರುತ್ತದೆ. ಅದು ಬರುವುದರೊಳಗೆ.

ಗಾಜು ಬಡಿದಳು. ಮಂಗಳಾ ಒಳಗಿನಿಂದಲೇ ಕೈಯಾಡಿಸಿ ಆಮೇಲೆ ಬನ್ನಿ ಎಂದು ಸನ್ನೆ ಮಾಡಿದಳು. ಮತ್ತೆ ಬಡಿದಳು. ಮಂಗಳಾ ಬಾಗಿಲನ್ನು ಅಂಗೈಯಗಲ ತೆರೆದು, ಏನಜ್ಜಿ ನಿಮ್ಮದು, ಇಲ್ಲಿ ಏನು ನಡೀತಿದೆ ಗೊತ್ತಾ ಎಂದಳು. ಅವಳ ಕಣ್ಣುಗಳು ಕೆಂಪಾಗಿದ್ದವು. ಮನೆಗೆ ಹೋಗಿರಲಿಲ್ಲವೆಂದು ಕಾಣುತ್ತದೆ. ರೇವಮ್ಮನ ಬಾಯಿಗೆ ಒಂದು ತಮಾಷೆ ಬಂತು. ಬಂದದ್ದನ್ನು ನುಂಗಿದಳು.

“ನಾನು ಹಚ್ದೆ ಕಣವ್ವ,” ಎಂದಳು.

ಮಂಗಳಾಗೆ ಅರ್ಥವಾಗಲಿಲ್ಲ. ಏನು ಎಂದಳು.

“ಹೊಕ್ಕುಳಿಗೆ. ಪೈಪ್ ತಾವ. ಕರಟ ಸುಟ್ಟ ಕಪ್ಪು. ನೀನು ಅತ್ಲಾಗೆ ತಿರುಕ್ಕಂಡಾಗ ಹಚ್ದೆ.”

ಜೀವಮಾನದಲ್ಲಿ ಇಷ್ಟು ಬೋಳಾದ ಮಾತನ್ನು ಅವಳು ಆಡಿದ್ದಿಲ್ಲ. ರೆಕ್ಕೆಯಿಲ್ಲ, ಪುಕ್ಕವಿಲ್ಲ. ಮಂಗಳಾ ಅವಳ ಮುಖವನ್ನೇ ನೋಡಿದಳು. ಬೈಗುಳ ಬರುತ್ತದೆ ಎಂದು ರೇವಮ್ಮ ತಲೆ ತಗ್ಗಿಸಿ ಕಾದಳು. ಬರಲಿ, ಬೇಕಾಗಿತ್ತು. ಬರಲಿಲ್ಲ. ಎಲ್ಲಿಟ್ಟುಕೊಂಡಿದ್ರಿ ಎಂದು ಮಾತ್ರ ಮಂಗಳಾ ಕೇಳಿದಳು, ಮೆಲ್ಲಗೆ, ತನ್ನನ್ನೇ ಕೇಳಿಕೊಂಡ ಹಾಗೆ. ರೇವಮ್ಮನ ಬೆರಳು ಕಿವಿಯ ಹಿಂದಕ್ಕೆ ಹೋಗಿ ತೋರಿಸಿತು. ಆ ಹುಡುಗಿಯ ಮುಖ ಬಿಳಿಚಿಕೊಂಡಿತು. ಅವಳು ತನ್ನ ಕೈಗಳನ್ನು ನೋಡಿಕೊಂಡಳು, ಅಜ್ಜಿಯನ್ನು ತೊಳೆಸಿ ಒಳಗೆ ಬಿಟ್ಟ ತನ್ನದೇ ಕೈಗಳನ್ನು. ಈಗ ಆ ತಪ್ಪಿನಲ್ಲಿ ಇವಳಿಗೂ ಒಂದು ತುಂಡು ಸಿಕ್ಕಿತಲ್ಲ ಎಂದು ರೇವಮ್ಮನಿಗೆ ಅನ್ನಿಸಿ, ಗೆದ್ದೆನೆಂದು ಬೀಗಿದ ಆ ದಿನದ ಹೊತ್ತನ್ನು ಕಿತ್ತೆಸೆಯಲು ಸಾಧ್ಯವಾದರೆ ಎದೆಯ ಚರ್ಮದ ಸಮೇತ ಕಿತ್ತೆಸೆಯಬೇಕು ಎನ್ನಿಸಿತು.

ಡಾಕ್ಟರ್ ಅನಿತಾ ಅವಳನ್ನು ಒಳಗೇ ಕರೆಸಿಕೊಂಡು ಸ್ಟೂಲಿನ ಮೇಲೆ ಕೂರಿಸಿದರು. ಯಾವತ್ತು, ಎಷ್ಟು, ಪ್ಲಾಸ್ಟರಿನ ಒಳಗೋ ಹೊರಗೋ ಎಂದು ಕೇಳಿದರು. ಎಷ್ಟು ಎಂದಾಗ ರೇವಮ್ಮ ಬೆರಳಿನ ತುದಿ ತೋರಿಸಿ ಸಾಸಿವೆ ಕಾಳಿನಷ್ಟು ಎಂದಳು. ಎಂದವಳಿಗೆ ಗಾಬರಿಯಾಯಿತು. ಇಲಿಯನ್ನು ಹುಲಿ ಮಾಡಿ ಹೇಳಿಯೇ ಬದುಕಿದ ನಾಲಿಗೆ ಈಗ ಹುಲಿಯನ್ನು ಇಲಿ ಮಾಡುತ್ತಿದೆಯೇ, ನಿಜವಾಗಿಯೂ ಸಾಸಿವೆಯಷ್ಟೇ ಇತ್ತೇ, ಅವಳಿಗೇ ತಿಳಿಯಲಿಲ್ಲ. ಡಾಕ್ಟರು ಆಚೆಯ ಡಾಕ್ಟರೊಬ್ಬರಿಗೆ ಏನೋ ಹೇಳಿದರು. ಹೊಕ್ಕುಳಿನ ಪೈಪನ್ನು ಈಗಲೇ ತೆಗೆದು ತೋಳಿನ ನರಕ್ಕೆ ಹೊಸದು ಹಾಕಬೇಕು, ತೆಗೆದದ್ದನ್ನು ಪರೀಕ್ಷೆಗೆ ಕಳಿಸಬೇಕು ಎಂಬಷ್ಟು ಇವಳಿಗೆ ತಿಳಿಯಿತು.

ಹಂಗಾದರೆ ನಾನೇನಾ, ಎಂದು ಕೇಳಿದಳು ರೇವಮ್ಮ.

ಡಾಕ್ಟರು ಇನ್ನೊಂದು ಸ್ಟೂಲು ಎಳೆದುಕೊಂಡು ಕೂತರು. ಆಮೇಲೆ ವಿವರಿಸಿದರು. ಈ ಕಾಯಿಲೆಯಲ್ಲಿ ಕರುಳಿನ ಗೋಡೆ ಕೊಳೆತು ತೆಳುವಾಗುತ್ತದೆ, ಕರುಳಿನಲ್ಲಿರುವ ಹುಳಗಳೇ ಅಲ್ಲಿಂದ ರಕ್ತಕ್ಕೆ ಇಳಿಯುತ್ತವೆ, ಯಾರೂ ಮುಟ್ಟದ ಮಕ್ಕಳಲ್ಲೂ ಹೀಗಾಗುತ್ತದೆ. ಪೈಪಿನ ದಾರಿಯಿಂದಲೂ ಆಗುತ್ತದೆ. “ಯಾವ ಬಾಗಿಲಿಂದ ಬಂತು ಅಂತ ಇವತ್ತು ನಾನು ಹೇಳಕ್ಕಾಗಲ್ಲ ಅಜ್ಜಿ. ಮುಂದೆಯೂ ಹೇಳಕ್ಕಾಗದೇ ಇರಬಹುದು. ನೀವು ಹೇಳಿದ್ದು ಒಳ್ಳೇದಾಯ್ತು. ಬೆಳಗ್ಗೆಯೇ ಹೇಳಿದ್ದಿದ್ರೆ ಇನ್ನೂ ಒಳ್ಳೇದಿತ್ತು.” ಅಷ್ಟು ಹೇಳಿ ಎದ್ದರು. ಹೌದು ಎಂದಿದ್ದರೆ ರೇವಮ್ಮ ನೆಲಕ್ಕೆ ಬಿದ್ದು ಹೊರಳಾಡಬಹುದಿತ್ತು, ಇಲ್ಲ ಎಂದಿದ್ದರೆ ಊರ ದೇವರಿಗೆಲ್ಲ ಹಣ್ಣುಕಾಯಿ ಮಾಡಿಸಬಹುದಿತ್ತು. ಎರಡೂ ಇಲ್ಲದ ಜಾಗದಲ್ಲಿ ಅವಳನ್ನು ಸ್ಟೂಲಿನ ಮೇಲೆ ಬಿಟ್ಟು ಹೋದರು. ಬೆಳಗ್ಗೆಯೇ ಎಂಬ ಮಾತು ಮಾತ್ರ ಅವಳ ಪಕ್ಕದಲ್ಲಿ ಕೂತುಕೊಂಡಿತು. ಬೆಳಗ್ಗೆ ಅವಳು ಡಾಕ್ಟರನ್ನು ನಗಿಸಿದ್ದಳು.

ಪೈಪು ತೆಗೆಯುವುದನ್ನು ಅವಳು ನೋಡಲಿಲ್ಲ. ಮಂಗಳಾಳ ಬೆನ್ನು ಅಡ್ಡವಿತ್ತು. ಮುಗಿದ ಮೇಲೆ ಮಂಗಳಾ ಸರಿದಾಗ ಕೂಸು ಕಂಡಿತು. ಊದಿದ ಹೊಟ್ಟೆ ನೀಲಿಗಟ್ಟಿತ್ತು. ಕಾಲುಗಳು ಎಳೇ ನುಗ್ಗೆಯಂತೆ ಹೊರಕ್ಕೆ ಬಿದ್ದಿದ್ದವು. ಮೈ ಬಣ್ಣ ತಣಿದ ಒಲೆಯ ಬೂದಿಯದು. ಹೊಕ್ಕುಳಿನ ಮೇಲೆ ಹೊಸ ಬಿಳಿ ಬಟ್ಟೆ. ಉಸಿರನ್ನು ಯಂತ್ರ ಎಳೆಯುತ್ತಿತ್ತು, ಬಿಡುತ್ತಿತ್ತು. ರೇವಮ್ಮ ತನ್ನ ಉಸಿರನ್ನೂ ಅದಕ್ಕೆ ಹೊಂದಿಸಿಕೊಂಡಳು, ಎಲ್ಲಾದರೂ ತಪ್ಪಿದರೆ ತನ್ನದೊಂದು ಕೊಟ್ಟು ತುಂಬಿಸಬಹುದೆಂಬಂತೆ. ಅಷ್ಟರಲ್ಲಿ ಹೊರಗೆ ಗಾಲಿಯ ಸದ್ದು ಕೇಳಿತು.

ಬೀರೇಶನನ್ನು ಹೊರಗೇ ನಿಲ್ಲಿಸಿ, ಪದ್ಮಶ್ರೀಯ ಕೈ ತೊಳೆಸಿ, ಟೋಪಿ ಹಾಕಿಸಿ, ಮಂಗಳಾ ಕುರ್ಚಿಯನ್ನು ಒಳಕ್ಕೆ ತಳ್ಳಿಕೊಂಡು ಬಂದಳು. ಟೋಪಿ ಹಾಕುವ ಮುಂಚೆ ಅವಳು ಪದ್ಮಶ್ರೀಯ ಕಿವಿಯ ಹಿಂದೆ ಬಗ್ಗಿ ನೋಡಿದ್ದನ್ನು ರೇವಮ್ಮ ಕಂಡಳು. ಪದ್ಮಶ್ರೀಯ ಮುಖ ಇನ್ನೂ ಬಾತಿತ್ತು. ಗಾಜಿನ ಪೆಟ್ಟಿಗೆಯ ಹತ್ತಿರ ಕುರ್ಚಿ ನಿಂತಿತು. ಅವಳು ನೋಡಿದಳು. ಅಳಲಿಲ್ಲ. ಎಷ್ಟೋ ಹೊತ್ತು ನೋಡಿ, ಕೂಸಿನಿಂದ ಕಣ್ಣು ತೆಗೆಯದೆಯೇ, “ಮುಷ್ಟಿ ಎಳನೀರು ಗಾತ್ರ ಅಂದಿದ್ದೆ,” ಎಂದಳು.

ರೇವಮ್ಮ ಸ್ಟೂಲು ಬಿಟ್ಟು ಎದ್ದು ಕುರ್ಚಿಯ ಪಕ್ಕಕ್ಕೆ ಬಂದಳು.

ನಂಗೊತ್ತಿತ್ತು ಬುಡು, ಎಂದಳು ಪದ್ಮಶ್ರೀ. ಒಂದು ಹೀಚುಗಾಯಿ ಗಾತ್ರ ಅಂದ್ಕಂಡಿದ್ದೆ, ಎಂದು ಉಸುರಿದಳು. ತೆಂಗಿನ ಹೀಚಿಗಿಂತಲೂ ಸಣ್ಣದಾಗಿದ್ದ ಆ ಮುಷ್ಟಿ ತೆರೆಯಿತು, ಮುಚ್ಚಿತು. ಡಾಕ್ಟರು ಹತ್ತಿರ ಬಂದು ಪದ್ಮಶ್ರೀಯ ಹೆಗಲ ಮೇಲೆ ಕೈಯಿಟ್ಟು ನಿಂತರು. ಹೇಳುವುದನ್ನು ಹೇಗೆ ಶುರು ಮಾಡುವುದೆಂದು ಅವರು ಯೋಚಿಸುತ್ತಿದ್ದಿರಬೇಕು. ಅವರು ಬಾಯಿ ತೆರೆಯುವ ಮುಂಚೆ ಪದ್ಮಶ್ರೀ ತಿರುಗಿದಳು. ಡಾಕ್ಟರ ಕಡೆಗಲ್ಲ, ಅಜ್ಜಿಯ ಕಡೆಗೆ. ಕಳ್ಳತನ ಮಾಡುವ ಮಕ್ಕಳು ಒಬ್ಬರಿಗೊಬ್ಬರು ಹೇಳಿಕೊಳ್ಳುವ ದನಿಯಲ್ಲಿ, ಎಲ್ಲರಿಗೂ ಕೇಳುವಂತೆಯೇ, ಕೇಳಿದಳು.

“ಅಜ್ಜಿ, ಕರಟದ ಕಪ್ಪು ಹಚ್ಚಿದ್ಯಾ ಇವಂಗೆ?”

ಮಂಗಳಾಳ ಕೈ ಕುರ್ಚಿಯ ಹಿಡಿಯ ಮೇಲೆ ಬಿಗಿಯಾಯಿತು. ಡಾಕ್ಟರು ರೇವಮ್ಮನನ್ನು ನೋಡಿದರು. ಯಂತ್ರ ಉಸಿರೆಳೆಯಿತು, ಬಿಟ್ಟಿತು.

“ನಮ್ಮವ್ವಂಗೆ ಹಚ್ಚಿದ್ದೆ. ನಂಗೆ ಹಚ್ಚಿದ್ದೆ. ಎಲ್ರೂ ಉಳ್ಕಂಡ್ವಿ,” ಎಂದಳು ಪದ್ಮಶ್ರೀ. “ಹೇಳಜ್ಜಿ. ಈ ಒಂದ್ಸಲ ಸುಳ್ ಹೇಳ್ಬೇಡ.”

“ಹಚ್ದೆ ಕಣವ್ವ,” ಎಂದಳು ರೇವಮ್ಮ.

ಬಾತ ಮುಖದಲ್ಲಿ ಏನೋ ಸಡಿಲಾಯಿತು. ಆಸ್ಪತ್ರೆಗೆ ಬಂದಾಗಿನಿಂದ ಬಿಗಿದುಕೊಂಡಿದ್ದ ಹುಬ್ಬುಗಳು ಇಳಿದವು. ಚಿಕ್ಕ ಹುಡುಗಿಯಾಗಿದ್ದಾಗ ಜ್ವರ ಬಿಟ್ಟ ಬೆಳಗ್ಗೆ ಹೀಗೇ ಕಾಣುತ್ತಿದ್ದಳು. “ಹಂಗಾದ್ರೆ ಬುಡು,” ಎಂದಳು. ಆಮೇಲೆ ತುಟಿಯ ಅಂಚಿನಲ್ಲಿ, ಅಜ್ಜಿಯಿಂದಲೇ ಬಂದ ಆ ಛೇಡಿಸುವ ಗೆರೆ ಮೂಡಿತು. “ಎಷ್ಟು ಹಚ್ದೆ?”

“ಒಂದ್ ಚೂರು.”

“ಒಂದ್ ಚೂರೇನಾ. ಜಿಪುಣಿ. ನನ್ ಮಗ ಅಂದ್ರೆ ನಿಂಗೆ ಅಷ್ಟೇಯಾ.”

ಹೇಳಿ, ಕೈ ಚಾಚಿ, ಅಜ್ಜಿಯ ಬಲಗೈಯನ್ನು ಎಳೆದುಕೊಂಡಳು. ಬೆರಳುಗಳನ್ನು ಒಂದೊಂದಾಗಿ ಬಿಡಿಸಿ, ಉಂಗುರದ ಬೆರಳನ್ನು ಹುಡುಕಿ, ಅದೊಂದನ್ನೇ ಹಿಡಿದು ಬಗ್ಗಿ ಎರಡೂ ಕಣ್ಣಿಗೆ ಒತ್ತಿಕೊಂಡಳು, ದೇವರ ಮುಂದಿನ ಆರತಿಯನ್ನು ಒತ್ತಿಕೊಳ್ಳುವ ಹಾಗೆ. ಬಿಸಿ ನೀರು ಬೆರಳಿನ ಗುಂಟ ಇಳಿಯಿತು. ರೇವಮ್ಮ ಕೈ ಎಳೆದುಕೊಳ್ಳಲು ನೋಡಿದಳು. ಆಗಲಿಲ್ಲ. ಗಾಜಿನ ಪೆಟ್ಟಿಗೆಯ ಮೇಲಿನ ಯಂತ್ರ ಕೂಗತೊಡಗಿತು. ಡಾಕ್ಟರು ಸರಕ್ಕನೆ ಆ ಕಡೆ ತಿರುಗಿದರು, ಮಂಗಳಾ ಕುರ್ಚಿಯ ಹಿಡಿ ಬಿಟ್ಟು ಓಡಿದಳು. ಪದ್ಮಶ್ರೀ ಕಣ್ಣು ಮುಚ್ಚಿಕೊಂಡೇ ಇದ್ದಳು. ಬೆರಳು ಬಿಡಲಿಲ್ಲ.